ಕಾವಿನ ತೂಬು

ಕಬ್ಬಿನ ಹಂಗಾಮಿನ ಒಂದು ಸಂಜೆ. ಮುಧೋಳದ ಅಂಚಿನಲ್ಲಿ, ಮಹಾಲಿಂಗಪುರದ ರಸ್ತೆಗೆ ಮುಖ ಮಾಡಿದ ಒಂದು ತಗಡಿನ ಗ್ಯಾರೇಜು. ನಲವತ್ತು ವರ್ಷದಿಂದ ಗಾಡಿಗಳ ಕೆಲಸದಲ್ಲೇ ಇರುವ ಹಿರಿಯ ಮಿಸ್ತ್ರಿ, ಬಿ.ಎಸ್ಸಿ. ಮುಗಿಸಿ ಹೊಲ ನೋಡಿಕೊಂಡಿರುವ ಯುವಕ. ಯುವಕನ ಕಾರು ಹಳೆಯದು, ಪೆಟ್ರೋಲಿನದು, ಹೋದ ವರ್ಷ ಕೊಂಡದ್ದು. ಮಧ್ಯಾಹ್ನದಿಂದ ನಿಂತೇ ಇರುವುದರಿಂದ ಎಂಜಿನ್ನು ಕೈಯಿಟ್ಟರೆ ತಣ್ಣಗಿದೆ. ಮಿಸ್ತ್ರಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ಅಂಗಳದಲ್ಲಿ ಮಲಗಿದ್ದ ತಮ್ಮ ಮುಧೋಳ ನಾಯಿಯನ್ನು ಎಬ್ಬಿಸಿ, ದೂರದ ಬೇವಿನ ಗಿಡಕ್ಕೆ ಕಟ್ಟಿ ಬರುತ್ತಾರೆ.

ಯುವಕ: ಯಾಕ್ರಿ ಕಾಕಾ, ಪಾಪ, ಅದು ಸುಮ್ಮನ ಮಲಗಿತ್ತಲ್ರಿ?

ಮಿಸ್ತ್ರಿ: ಈ ಕೆಲಸಕ್ಕ ಕೈ ಹಚ್ಚೂಮುಂದ ನಾಯಿ ಕಟ್ಟೂದು ನನ್ನ ಪದ್ಧತಿ, ತಮ್ಮಾ. ಯಾಕಂತ ಆಮ್ಯಾಲ ಹೇಳ್ತೀನಿ. ಮೊದಲ ನಿನ್ನ ಗಾಡಿ ಸುದ್ದಿ ಹೇಳು.

ಯುವಕ: ಮಹಾಲಿಂಗಪುರದ ಬೆಲ್ಲದ ಪ್ಯಾಟಿಗೆ ಹೋಗಿ ಹೊಳ್ಳಿ ಬರಾಕತ್ತಿದ್ದೆ. ಮುಂದ ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಸಾಲು. ಅರ್ಧ ತಾಸು ಮೊದಲ್ನೇ ಗೇರು, ಎರಡನೇ ಗೇರು, ಮತ್ತ ಮೊದಲ್ನೇ ಗೇರು. ನೋಡ್ತೀನಿ, ಕಾವಿನ ಮುಳ್ಳು ಕೆಂಪು ಗೆರಿ ಮುಟ್ಟೈತಿ. ಬದಿಗೆ ನಿಲ್ಲಿಸಿ ಬಂದ್ ಮಾಡಿದೆ. ಅಲ್ಲೇ ಒಬ್ಬ ಗಾಡಿ ರಿಪೇರಿಯಂವ ಇದ್ದ. ಅಂವ ನೋಡಿ, "ಥರ್ಮೋಸ್ಟಾಟ್ ಕಿತ್ತು ಒಗೀರಿ, ನಮ್ಮ ಕಡೆ ಬಿಸಲಿಗೆ ಅದು ಬ್ಯಾಡ, ಅದು ಹಿಮ ಬೀಳೂ ದೇಶದವ್ರಿಗೆ. ಬರೇ ನೀರು ಹಾಕಿ ಓಡಸ್ರಿ" ಅಂದ. ಹಂಗ ಮಾಡಬೇಕಂದೆ. ಮನಸ್ಸು ಒಪ್ಪಲಿಲ್ಲ. ಗಾಡಿ ಆರಿದ ಮ್ಯಾಲ ನಿಧಾನಕ ನಿಮ್ಮ ಕಡೆ ತಂದೆ.

ಮಿಸ್ತ್ರಿ: ಒಪ್ಪದಿದ್ದದ್ದು ಚಲೋ ಆತು. ನಿಲ್ಲಿಸಿದಾಗ ಪೈಪು ಮುಟ್ಟಿ ನೋಡಿದ್ದೇನು?

ಯುವಕ: ಅರಿವಿ ಸುತ್ತಿಕೊಂಡು ಜರಾ ಮುಟ್ಟಿದೆ. ರೇಡಿಯೇಟರಿನ ಮ್ಯಾಲಿನ ಪೈಪು ಸುಡತಿತ್ತು, ಕೆಳಗಿಂದು ತಣ್ಣಗ. ಫ್ಯಾನೇನೋ ತಿರಗತಿತ್ತು.

ಮಿಸ್ತ್ರಿ: ಅಷ್ಟು ಹೇಳಿದ್ರ ಅರ್ಧ ಖೂನ ಸಿಕ್ಕಂಗ. ಎಂಜಿನ್ ಕುದಿಯಾಕತ್ತೈತಿ, ಫ್ಯಾನ್ ತಿರಗಾಕತ್ತೈತಿ, ಆದ್ರ ಕೆಳಗಿನ ಪೈಪು ತಣ್ಣಗೈತಿ ಅಂದ್ರ ಒಳಗ ನೀರು ತಿರಗಾಡವಲ್ದು. ಅದಕ ಮೂರು ಕಾರಣ ಇರ್ತಾವ. ರೇಡಿಯೇಟರ್ ಒಳಗ ಕಟ್ಟಿರಬೇಕು, ಇಲ್ಲಾ ನೀರಿನ ಪಂಪ್ ಹೋಗಿರಬೇಕು, ಇಲ್ಲಾ ಥರ್ಮೋಸ್ಟಾಟ್ ಮುಚ್ಚಿ ಕುಂತಿರಬೇಕು. ಪಂಪು, ಬೆಲ್ಟು, ರೇಡಿಯೇಟರಿನ ಒಳಗಿನ ದಾರಿ ನೀ ಬರೂದಕ್ಕ ನೋಡೀನಿ, ಚಲೋ ಅದಾವ. ರೇಡಿಯೇಟರಿನ ಹೊರಗಿನ ಜಾಳಿಗ್ಯಾಗ ಮಾತ್ರ ಕಬ್ಬಿನ ರವದಿ, ಸುಟ್ಟ ಬೂದಿ, ಧೂಳು ತುಂಬಿತ್ತು. ಹಂಗಾಮಿನ್ಯಾಗ ನಮ್ಮ ಕಡೆ ಎಲ್ಲಾ ಗಾಡೀದೂ ಇದೇ ಕತಿ. ಎಂಜಿನ್ ಕಡೆಯಿಂದ ಹೊರಗ ಬರೂಹಂಗ, ಒತ್ತಡ ಕಮ್ಮಿ ಇಟ್ಟು ನೀರು ಬಿಟ್ಟು ತೊಳದೀನಿ. ಜೋರ್ ಬಿಟ್ರ ಅದರ ಎಸಳು ಮಣಿತಾವ. ಈಗ ಉಳಿದದ್ದು ಥರ್ಮೋಸ್ಟಾಟ್.

ಯುವಕ: ಅಂದ್ರ ಕೆಟ್ಟದ್ದು ಅದೇ ಹೌದಲ್ರಿ? ಹಂಗಾರ ಕಿತ್ತಿ ಒಗದ್ರ ತಪ್ಪೇನು?

ಮಿಸ್ತ್ರಿ: ಕಾಲುವಿ ತೂಬಿನ ಗೇಟು ತುಕ್ಕು ಹಿಡಿದು ಏಳವಲ್ದು ಅಂತ ತಿಳಿ. ಗೇಟು ಬದಲಿ ಮಾಡ್ತಿಯೋ, ತೂಬೇ ಒಡದು ಬಿಡ್ತಿಯೋ?

ಯುವಕ: ಒಡದ್ರ ಕಡೀ ಹೊಲದಂವಗ ನೀರ ಸಿಗೂದಿಲ್ಲ, ಮುಂದಿನ ಹೊಲ ಜವಳು ಹಿಡಿತೈತಿ.

ಮಿಸ್ತ್ರಿ: ಎಂಜಿನ್ನಿಗೂ ಹಂಗ. ಥರ್ಮೋಸ್ಟಾಟ್ ಅಂದ್ರ ಕಾವಿನ ತೂಬು. ಮುಂಜಾನೆ ಗಾಡಿ ಚಾಲೂ ಮಾಡಿದಾಗ ಅದು ಮುಚ್ಚಿರತೈತಿ. ನೀರು ಎಂಜಿನ್ನಿನೊಳಗ ಸುತ್ತತೈತಿ, ರೇಡಿಯೇಟರಿಗೆ ಹೋಗೂದಿಲ್ಲ. ಅದಕ ಎಂಜಿನ್ ಲಗೂ ಕಾಯ್ತೈತಿ. ನಿನ್ನ ಗಾಡಿದು 82 ಡಿಗ್ರಿಗೆ ಬಾಯಿ ತಗಿಯಾಕ ಚಾಲೂ ಮಾಡ್ತೈತಿ, ಹತ್ತು-ಹನ್ನೆರಡು ಡಿಗ್ರಿ ಮ್ಯಾಲ ಹೋಗೂದರಾಗ ಪೂರಾ ತಗಿತೈತಿ. ಕೆಲವು ಗಾಡಿಗೆ 88, ಇನ್ನ ಕೆಲವಕ್ಕ 90ರ ಮ್ಯಾಲ. ಅದರ ಮೈಮ್ಯಾಲೇ ಅಂಕಿ ಒತ್ತಿರತಾರ. ಬದಲಿ ಹಾಕೂಮುಂದ ಅದೇ ಅಂಕಿದು ಹಾಕಬೇಕು. ನಮ್ಮೂರು ಬಿಸಲು ಅಂತ ಕಮ್ಮಿ ಡಿಗ್ರಿದು ಹುಡುಕಬಾರದು.

ಯುವಕ: ಯಾಕ್ರಿ? ತಂಪ ಇದ್ದಷ್ಟೂ ಎಂಜಿನ್ನಿಗೆ ಚಲೋ ಅಲ್ಲೇನ್ರಿ?

ಮಿಸ್ತ್ರಿ: ಇದೇ ತಪ್ಪು ತಿಳುವಳಿಕಿ ನೋಡು. ಎಂಜಿನ್ನಿಗೆ ಬೇಕಾದ್ದು ತಂಪಲ್ಲ, ಹದ. ನಿಮ್ಮ ಮನಿತಾನದಾಗ ಗುಳದ ಗಾಣ ಐತೆಲ್ಲ?

ಯುವಕ: ಅಜ್ಜನ ಕಾಲಕ್ಕಿತ್ರಿ. ಈಗ ಕಾಕಾರು ನಡಸ್ತಾರ.

ಮಿಸ್ತ್ರಿ: ಕಡಾಯಿ ಮುಂದ ನಿಂತಂವ ಏನ ಮಾಡ್ತಾನ? ಉರಿ ಕಮ್ಮಿ ಆದ್ರ ಪಾಕ ಬರೂದಿಲ್ಲ, ಬೆಲ್ಲ ಗಟ್ಟಿ ಆಗೂದಿಲ್ಲ. ಉರಿ ಹೆಚ್ಚಾದ್ರ ತಳ ಹತ್ತತೈತಿ, ಬೆಲ್ಲ ಕರ್ರಗ ಆಗತೈತಿ. 118 ಡಿಗ್ರಿ ಹತ್ರ ಬಂದಾಗ ಇಳಸಬೇಕು. ಹಿಂದಿನವ್ರು ಒಂದು ಹನಿ ನೀರಾಗ ಬಿಟ್ಟು, ಬೆರಳಾಗ ಉಂಡಿ ಮಾಡಿ ಹದ ನೋಡತಿದ್ರು. ಎಂಜಿನ್ನಿಗೂ ಅಂಥಾ ಒಬ್ಬ ಹದ ನೋಡಾಂವ ಬೇಕು. ತಂಪ ಇದ್ರ ಎಣ್ಣಿ ದಪ್ಪ ಇರತೈತಿ, ಪೆಟ್ರೋಲ್ ಪೂರಾ ಆವಿ ಆಗೂದಿಲ್ಲ, ಸಿಲಿಂಡರ್ ಗ್ವಾಡಿಗೆ ಹತ್ತಿ ಎಣ್ಣಿ ತೊಳಿತೈತಿ. ಪೆಟ್ರೋಲ್ ಸುಟ್ಟಾಗ ಹುಟ್ಟಿದ ನೀರಿನ ಹಬಿ ಎಣ್ಯಾಗ ಇಳಿತೈತಿ. ಎಣ್ಣಿ ಚಲೋ ಕಾಯ್ದಾಗಷ್ಟ ಅದು ಹಾರಿ ಹೋಗತೈತಿ. ಕಾಯದಿದ್ರ ಎಣ್ಣಿ ಮುಚ್ಚಳದ ಕೆಳಗ ಮಜ್ಜಿಗಿ ಬೆಣ್ಣಿಗತೆ ಬೆಳ್ಳಗ ಕೂಡತೈತಿ.

ಯುವಕ: ಹೊಸಾ ಗಾಡ್ಯಾಗ ಕಂಪ್ಯೂಟರ್ ಇರತೈತೆಲ್ರಿ, ಅದು ಸುಧಾರಸ್ಕೊಳ್ಳೂದಿಲ್ಲೇನು?

ಮಿಸ್ತ್ರಿ: ಅದು ಸುಧಾರಸ್ಕೊಳ್ಳೂದಂದ್ರ, ಎಂಜಿನ್ ಇನ್ನೂ ಕಾದಿಲ್ಲ ಅಂತ ತಿಳಕೊಂಡು ಹೆಚ್ಚಿಗಿ ಪೆಟ್ರೋಲ್ ಬಿಡತೈತಿ. ಅದಕ ಮೈಲೇಜ್ ಬೀಳತೈತಿ, ಎಂಜಿನ್ ದೀಪ ಹತ್ತತೈತಿ. ಸ್ಕ್ಯಾನರ್ ಹಚ್ಚಿದ್ರ ಪಿ0128 ಅಂತ ಕೋಡ್ ತೋರಸ್ತೈತಿ. ತೂಬು ಮುಚ್ಚದ ನಿಂತ್ರೂ ಅದೇ ಕೋಡು, ಕಿತ್ತು ಒಗದ್ರೂ ಅದೇ ಕೋಡು. ಇನ್ನೊಂದು ಕೇಳು. ಎಷ್ಟೋ ಗಾಡ್ಯಾಗ ಈ ಥರ್ಮೋಸ್ಟಾಟಿಗೆ ಎರಡು ತಟ್ಟಿ. ಒಂದು ರೇಡಿಯೇಟರಿನ ದಾರಿ ತಗದಂಗ ಇನ್ನೊಂದು ಅಡ್ಡದಾರಿ ಮುಚ್ಚತೈತಿ. ಅದನ್ನ ಕಿತ್ತಿಬಿಟ್ರ ಅಡ್ಡದಾರಿ ಸದಾ ತಗದೇ ಇರತೈತಿ. ನೀರು ಸಲೀಸ ದಾರಿ ಹಿಡಿತೈತಿ, ರೇಡಿಯೇಟರಿಗೆ ಹೋಗೂದ ಕಮ್ಮಿ ಆಗತೈತಿ. ತಂಪಾಗಲಿ ಅಂತ ಕಿತ್ತ ಗಾಡಿ ಏರಿನ್ಯಾಗ, ಬ್ಯಾಸಗ್ಯಾಗ ಮೊದಲಿಗಿಂತ ಹೆಚ್ಚು ಕುದಿತೈತಿ.

ಯುವಕ: ಹಂಗಾರ ಇಷ್ಟು ಮಂದಿ ಮಿಸ್ತ್ರಿಗಳು ಕಿತ್ತು ಒಗೀರಿ ಅಂತ ಹೇಳೂದ್ಯಾಕ?

(ಮಿಸ್ತ್ರಿ ಕೆಳಗೆ ಅಗಲವಾದ ಬುಟ್ಟಿ ಇಟ್ಟು, ರೇಡಿಯೇಟರಿನ ಕೆಳಗಿನ ತಿರುಪು ಸಡಿಲಿಸುತ್ತಾರೆ. ಕೆಂಗಂದು ಬಣ್ಣದ ನೀರು ಇಳಿಯತೊಡಗುತ್ತದೆ.)

ಮಿಸ್ತ್ರಿ: ನಾನೂ ಹೇಳೀನಿ, ತಮ್ಮಾ. ನಾನೂ ಕಿತ್ತೀನಿ. ಅಂಬಾಸಿಡರ್ ಕಾಲದಾಗ ಕೆಲಸ ಕಲತಂವ ನಾ. 1958ರಿಂದ 2014ರ ತನಕ ತಯಾರಾದ ಗಾಡಿ ಅದು. ಹಳ್ಯಾಗ ಕೆರಿ ನೀರು, ಬಾವಿ ನೀರು, ಬೋರ್ ನೀರು, ಕೈಗೆ ಸಿಕ್ಕದ್ದು ಹಾಕತಿದ್ವಿ. ವರ್ಷ ಆಗೂದರಾಗ ಥರ್ಮೋಸ್ಟಾಟ್ ಜಾಮ್. ಹೊಸಾದು ಇಲ್ಲಿ ಸಿಗತಿರಲಿಲ್ಲ, ಹುಬ್ಬಳ್ಳಿಯಿಂದ ತರಸಬೇಕಿತ್ತು. ಕಿತ್ತಿ ಕೊಡತಿದ್ವಿ. ಗಾಡಿ ಓಡತಿತ್ತು, ಮಾಲಕ ಖುಷಿ. ಆದ್ರ ಅವೇ ಗಾಡಿ ಮುಂದ ಎಂಜಿನ್ ಬಿಚ್ಚಾಕ ಬಂದಾಗ ಸಿಲಿಂಡರ್ ಸವದಿದ್ದು, ಎಣ್ಯಾಗ ಕೆಸರು ಕೂತಿದ್ದು ನನ್ನ ಕೈಯಿಂದಲೇ ತಗದೀನಿ. ಆಗ ತಿಳೀತು. ಕೆಟ್ಟಿದ್ದು ನೀರು, ಶಿಕ್ಷಾ ಕೊಟ್ಟದ್ದು ಕಾವಲುಗಾರಗ. ನೀರು ಸುಧಾರಸದ ಕಾವಲುಗಾರನ್ನ ಓಡಿಸಿದ್ರ ಮನಿ ಉಳಿಯೂದಿಲ್ಲ.

ಯುವಕ: ನನ್ನ ಗಾಡ್ಯಾಗೂ ಹಿಂದಿನ ಮಾಲಕ ಬೋರ್ ನೀರು ಹಾಕಿದಂಗ ಕಾಣತೈತಿ.

ಮಿಸ್ತ್ರಿ: ಬಾ, ಕಣ್ಣಿಂದ ನೋಡು. ಈ ಮ್ಯಾಲಿನ ಪೈಪು ಎಂಜಿನ್ನಿಗೆ ಕೂಡೂ ಜಾಗ ನೋಡು, ಅಲ್ಲೊಂದು ಸಣ್ಣ ಮನಿ ಐತಿ. ಹತ್ತರ ಪಾನಾದ ಎರಡು ಬೋಲ್ಟು. ಬಿಚ್ಚಿದೆ. ತಗೋ, ಹಿಡಿ.

(ಅಂಗೈಯಲ್ಲಿ ಹಿಡಿಯುವಷ್ಟು ಒಂದು ಲೋಹದ ತಟ್ಟೆ, ನಡುವೆ ಹಿತ್ತಾಳೆಯ ಡಬ್ಬಿ, ಅದರ ಸುತ್ತ ಸ್ಪ್ರಿಂಗು. ಸ್ಪ್ರಿಂಗಿನ ಸುತ್ತುಗಳ ನಡುವೆ ಬಿಳಿಯ ಗಟ್ಟಿ ಪೊರೆ, ಅದರ ಮೇಲೆ ತುಕ್ಕಿನ ಕೆಂಪು. ಉಗುರಿನಿಂದ ಕೆರೆದರೆ ಪೊರೆ ಚೂರು ಚೂರಾಗಿ ಉದುರುತ್ತದೆ.)

ಯುವಕ: ನಮ್ಮ ಬಚ್ಚಲಮನಿ ಹಂಡೇದಾಗ ಕೂಡೂ ಸುಣ್ಣ ಇದು, ಹೌದಲ್ರಿ?

ಮಿಸ್ತ್ರಿ: ಅದೇ ಇದು. ನಮ್ಮ ತಾಲೂಕಿನ ಮುದ್ದಾಪುರದಾಗ ಸಿಮೆಂಟ್ ಕಾರ್ಖಾನಿ ಯಾಕ ಬಂತು ಹೇಳು?

ಯುವಕ: ಸುಣ್ಣದ ಕಲ್ಲಿಗೆ. ಭೂಗರ್ಭ ಶಾಸ್ತ್ರದಾಗ ಈ ಭಾಗದ ಕಲ್ಲಿಗೆ ಕಲಾದಗಿ ಹೆಸರಲೇ ಒಂದು ಗುಂಪು ಮಾಡ್ಯಾರ. ಲೋಕಾಪುರ, ಕಲಾದಗಿ, ಬಾಗಲಕೋಟಿ ಕಡೆ ಸುಣ್ಣದ ಕಲ್ಲಿನ ಥರಗಳು ಅದಾವ. ಅದರೊಳಗಿಂದ ಬಂದ ಬೋರ್ ನೀರು ಗಡಸು ಆಗೂದು ಸಹಜ. ಕಾದಾಗ ಕರಗಿದ ಸುಣ್ಣ ಹೊರಬಿದ್ದು ಪೊರಿ ಕಟ್ಟತೈತಿ.

ಮಿಸ್ತ್ರಿ: ನೀ ಓದಿದ್ದು, ನಾ ಬಿಚ್ಚಿ ನೋಡಿದ್ದು ಒಂದೇ ಆತು ನೋಡು. ಕುಡಿಯಾಕ ಆ ನೀರು ನಡದೀತು, ಎಂಜಿನ್ನಿಗೆ ನಡಿಯೂದಿಲ್ಲ. ಪೊರಿ ಅಂದ್ರ ಎಂಜಿನ್ನಿಗೆ ಕಂಬಳಿ ಹೊಚ್ಚಿದಂಗ, ಕಾವು ಹೊರಗ ಹೋಗೂದಿಲ್ಲ. ಪೆಟ್ರೋಲ್ ಸುಟ್ಟಾಗ ಒಳಗಿನ ಗ್ಯಾಸು 2000 ಡಿಗ್ರಿ ದಾಟತೈತಿ. ಆ ಕಾವಿನ್ಯಾಗ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಗಾಲಿ ತಿರಗಸಾಕ, ಒಂದು ಪಾಲು ಸೈಲೆನ್ಸರಿನ್ಯಾಗ, ಇನ್ನೊಂದು ಪಾಲು ಈ ನೀರೇ ಹೊರಬೇಕು. ನೀರು ಸೋತ್ರ ಹೆಡ್ಡು ಮಣಿತೈತಿ, ಗ್ಯಾಸ್ಕೆಟ್ ಸುಡತೈತಿ.

(ಮಿಸ್ತ್ರಿ ಒಂದು ಬೋಗಾಣಿಗೆ ನೀರು ಹಾಕಿ ಸ್ಟವ್ ಮೇಲೆ ಇಡುತ್ತಾರೆ. ಹಳೆಯ ಥರ್ಮೋಸ್ಟಾಟಿನ ತಟ್ಟಿಯ ಸಂದಿಗೆ ಬಿಳಿ ದಾರ ಸಿಕ್ಕಿಸಲು ನೋಡುತ್ತಾರೆ, ಅದು ಜಗ್ಗದು. ಸ್ಕ್ರೂಡ್ರೈವರಿನಿಂದ ಮೀಟಿ ಸಿಕ್ಕಿಸುತ್ತಾರೆ. ಹೊಸದಕ್ಕೂ ಹಾಗೆಯೇ ಒಂದು ದಾರ. ಎರಡನ್ನೂ ಒಂದು ಕಡ್ಡಿಗೆ ಕಟ್ಟಿ, ಬೋಗಾಣಿಯ ತಳ ಮುಟ್ಟದಂತೆ ನೀರಿನಲ್ಲಿ ತೂಗಬಿಡುತ್ತಾರೆ. ಪಕ್ಕದಲ್ಲಿ ಥರ್ಮಾಮೀಟರು.)

ಯುವಕ: ಇದರೊಳಗ ಮೇಣ ಇರತೈತಿ ಅಂತ ಓದೀನ್ರಿ. ಮೊದಲ ಲಗೂ ಆವಿ ಆಗೂ ದ್ರವ ತುಂಬಿದ ತಿದಿ ಇಡತಿದ್ರಂತ. 1930ರ ದಶಕದಾಗ ಅಮೆರಿಕದ ಸರ್ಜಿಯಸ್ ವರ್ನೆಟ್ ಅನ್ನಾಂವ ಮೇಣದ್ದು ಮಾಡಿದ. ಮೇಣ ಕರಗಿದಾಗ ಉಬ್ಬತೈತಿ, ಉಬ್ಬಿದ್ದು ಒಂದು ಕಡ್ಡಿ ನೂಕತೈತಿ, ತಟ್ಟಿ ತಗಿತೈತಿ. ತಣ್ಣಗಾದ್ರ ಸ್ಪ್ರಿಂಗು ಹೊಳ್ಳಿ ಮುಚ್ಚತೈತಿ. ಕರೆಂಟು ಬ್ಯಾಡ, ವಾಯರು ಬ್ಯಾಡ.

ಮಿಸ್ತ್ರಿ: ಮಾತು ನಿಲ್ಲಿಸಿ ನೋಡು ಈಗ. 78... 80... ಹೊಸಾದರ ದಾರ ನೋಡು.

(82 ದಾಟಿ ಮುಳ್ಳು 83ಕ್ಕೆ ಬಂದಿತ್ತು. ಹೊಸ ಥರ್ಮೋಸ್ಟಾಟ್ ದಾರದಿಂದ ಜಾರಿ ಬೋಗಾಣಿಯ ತಳಕ್ಕೆ ಟಣ್ಣೆಂದು ಬಿದ್ದಿತು. ಹಳೆಯದು ತೂಗುತ್ತಲೇ ಇತ್ತು. ನೀರಿನಲ್ಲಿ ಗುಳ್ಳೆ ಎದ್ದವು, ನೀರು ಮರಳಿತು. ಹಳೆಯದು ದಾರ ಬಿಡಲಿಲ್ಲ.)

ಯುವಕ: ಕುದ್ದರೂ ಬಾಯಿ ಬಿಡವಲ್ದು! ಥರ್ಮಾಮೀಟರ್ 98ಕ್ಕ ನಿಂತೈತೆಲ್ರಿ... ಹಾಂ, ನಮ್ಮೂರು ಸಮುದ್ರಕ್ಕಿಂತ ಸುಮಾರು 550 ಮೀಟರ್ ಎತ್ತರದಾಗ ಐತಿ. ಇಲ್ಲಿ ನೀರು 98ರ ಸುತ್ತಮುತ್ತ ಕುದಿತೈತಿ, 100 ಮುಟ್ಟೂದಿಲ್ಲ.

ಮಿಸ್ತ್ರಿ: ಅದು ನನಗ ಗೊತ್ತಿರಲಿಲ್ಲ ನೋಡು. ಇಷ್ಟು ವರ್ಷ ಥರ್ಮಾಮೀಟರ್ ಎರಡು ಡಿಗ್ರಿ ಕಮ್ಮಿ ತೋರಸ್ತೈತಿ ಅಂತ ತಿಳಕೊಂಡಿದ್ದೆ. ಇರಲಿ. ಹೊಸಾದನ್ನೂ ಹಿಂಗ ಕುದಿಸಿ ನೋಡದ ನಾ ಹಾಕೂದಿಲ್ಲ. ಡಬ್ಬ್ಯಾಗಿಂದ ತಗದದ್ದೆಲ್ಲಾ ಚಲೋ ಇರತೈತಿ ಅಂತ ನಂಬೂಹಂಗಿಲ್ಲ. ಐದು ನಿಮಿಷದ ಕೆಲಸ, ಎಂಜಿನ್ ಉಳಿಸೂ ಕೆಲಸ.

ಯುವಕ: ಕೂಡಸೂದ್ರಾಗ ಏನ ಲಕ್ಷ್ಯ ಇಡಬೇಕ್ರಿ?

ಮಿಸ್ತ್ರಿ: ಮೂರು ಮಾತು. ಒಂದು, ಸ್ಪ್ರಿಂಗ್ ಇದ್ದ ಕಡೆ ಎಂಜಿನ್ನಿಗೆ ಮುಖ ಮಾಡಬೇಕು, ಮೇಣದ ಡಬ್ಬಿಗೆ ಬಿಸಿ ನೀರು ತಾಗಬೇಕು. ಎರಡು, ತಟ್ಟ್ಯಾಗ ಅಲ್ಲಾಡೂ ಸಣ್ಣ ಮಣಿ ಐತೆಲ್ಲ, ಅದು ಗಾಳಿ ಹೋಗೂ ಕಿಂಡಿ. ಅದನ್ನ ಮ್ಯಾಲ ಬರೂಹಂಗ ಕೂಡಸಬೇಕು. ಗಾಳಿ ಯಾವತ್ತೂ ಮ್ಯಾಲೇ ಏರತೈತಿ. ಮೂರು, ರಬ್ಬರ್ ರಿಂಗ್ ಹೊಸಾದೇ ಹಾಕಬೇಕು, ಕೂಡೂ ಜಾಗ ಕೆರದು ಸ್ವಚ್ಛ ಮಾಡಬೇಕು, ಕೆರಿಯೂಮುಂದ ಅಲ್ಯುಮಿನಿಯಂಗೆ ಗೀರು ಬೀಳಬಾರದು. ಬೋಲ್ಟ್ ಎರಡೂ ಸ್ವಲ್ಪ ಸ್ವಲ್ಪ, ಸಮಾ ಬಿಗಿಬೇಕು. ಜೋರ್ ಬಿಗದ್ರ ಮನೀನೇ ಸೀಳತೈತಿ.

ಯುವಕ: ಈಗ ಕೂಲಂಟ್ ಸುದ್ದಿ ಹೇಳ್ರಿ. ಅಂಗಡ್ಯಾಗ ಹಸರು, ನೀಲಿ, ಗುಲಾಬಿ, ಕೆಂಪು, ನೇರಳಿ ಎಲ್ಲಾ ಇಟ್ಟಾರ. ಯಾವ ಬಣ್ಣ ಚಲೋ?

ಮಿಸ್ತ್ರಿ: ಬಣ್ಣ ನೋಡಿ ಕೂಲಂಟ್ ಕೊಳ್ಳೂದಂದ್ರ ಬಾಟಲಿ ಬಣ್ಣ ನೋಡಿ ಔಷಧ ಕುಡದಂಗ. ಬಣ್ಣ ಬರೇ ಬಣ್ಣ. ಹೋಂಡಾದವ್ರದು ನೀಲಿ, ಟೊಯೊಟಾದವ್ರದು ಗುಲಾಬಿ, ಫೋಕ್ಸ್‌ವ್ಯಾಗನ್-ಸ್ಕೋಡಾದವ್ರದು ಜಿ12, ಜಿ13 ಅಂತ ಗುಲಾಬಿ-ನೇರಳಿ. ಒಂದ ಬಣ್ಣದ ಎರಡು ಡಬ್ಬ್ಯಾಗ ಬ್ಯಾರೆ ಬ್ಯಾರೆ ಮದ್ದು ಇರಬಹುದು. ಎಲ್ಲಾದರಾಗೂ ತಳಪಾಯ ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್ ಒಂದೇ. ಫರಕು ಇರೂದು ಅದರೊಳಗ ತುಕ್ಕು ತಡಿಯಾಕ ಹಾಕಿದ ಮದ್ದಿನ್ಯಾಗ.

ಯುವಕ: ಆ ಮದ್ದಿನ ಫರಕ ಏನ್ರಿ?

ಮಿಸ್ತ್ರಿ: ಹಳೇ ಕಾಲದ ಹಸರು ಕೂಲಂಟಿನ್ಯಾಗ ಸಿಲಿಕೇಟ್, ಫಾಸ್ಫೇಟ್‌ನಂಥ ಖನಿಜದ ಉಪ್ಪು. ಅವು ಲೋಹದ ಮ್ಯಾಲ ಲಗೂ ಪೊರಿ ಕಟ್ಟಿ ಕಾಯ್ತಾವ, ಆದ್ರ ಲಗೂ ತೀರತಾವ. ಎರಡು ವರ್ಷಕ್ಕ, 40,000 ಕಿಲೋಮೀಟರಿಗೆ ಬದಲಿ ಮಾಡಬೇಕು. ಹೊಸಾ ಕಾಲದ್ದು ಸಾವಯವ ಆಮ್ಲದ್ದು, ಓಎಟಿ ಅಂತಾರ. ತುಕ್ಕು ಎಲ್ಲಿ ಹಿಡಿತೈತೋ ಅಲ್ಲೇ ಹೋಗಿ ಕೂಡತೈತಿ, ನಿಧಾನಕ ತೀರತೈತಿ, ಐದು ವರ್ಷ ಬಾಳತೈತಿ. ಎರಡರ ಮಿಶ್ರದ ಜಾತಿನೂ ಐತಿ. ಜಪಾನದವ್ರು ಪಂಪಿನ ಸೀಲ್ ಸವಿತಾವ ಅಂತ ಸಿಲಿಕೇಟ್ ಬಿಟ್ಟು ಫಾಸ್ಫೇಟ್ ಹಿಡದ್ರು. ಯುರೋಪಿನವ್ರು ಫಾಸ್ಫೇಟ್ ಬಿಟ್ಟು ಸಿಲಿಕೇಟ್ ಹಿಡದ್ರು. ಯಾಕಂದ್ರ ಅವರ ಕಡೆ ನೀರು ಗಡಸು.

ಯುವಕ: ಗಡಸು ನೀರಿನ ಸುಣ್ಣ, ಫಾಸ್ಫೇಟ್ ಎರಡೂ ಕೂಡಿದ್ರ ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕ ಕೂಡತೈತಿ! ಅಂದ್ರ ಫಾಸ್ಫೇಟ್ ಇದ್ದ ಕೂಲಂಟಿಗೆ ನಮ್ಮ ಬೋರ್ ನೀರು ಬೆರಸಿದ್ರ...

ಮಿಸ್ತ್ರಿ: ರೊಕ್ಕಾ ಕೊಟ್ಟು ಕೆಸರು ಮಾಡಿಕೊಂಡಂಗ. ಅದಕ ನಮ್ಮ ಊರಿನ ಮಂದಿಗೆ ನಾ ಹೇಳೂದು, ಯಾವ ಕೂಲಂಟ್ ಅನ್ನೂದು ಎಷ್ಟು ಮುಖ್ಯನೋ ಯಾವ ನೀರು ಅನ್ನೂದೂ ಅಷ್ಟ ಮುಖ್ಯ. ಬ್ಯಾಟರಿ ನೀರು ಬೆರಸು. ಐದು ಲೀಟರಿನ ಕ್ಯಾನು ಎಲ್ಲಾ ಕಡೆ ಸಿಗತೈತಿ. ದಾರ್ಯಾಗ ಅಡಚಣಿ ಬಂದ್ರ ಶುದ್ಧ ಕುಡಿಯೂ ನೀರಿನ ಘಟಕದ್ದು ಹಾಕಿಕೊಂಡು ಊರು ಮುಟ್ಟು, ಆದ್ರ ಅದನ್ನ ಹಂಗ ಬಿಡಬ್ಯಾಡ.

ಯುವಕ: ಹಂಗಾರ ನನ್ನ ಗಾಡಿಗೆ ಯಾವುದು?

ಮಿಸ್ತ್ರಿ: ಗಾಡಿ ಕೂಡ ಬಂದ ಪುಸ್ತಕ ತಗಿ. ಅದರಾಗ ಬರದ ಜಾತಿ ಯಾವುದೋ ಅದು. ಪುಸ್ತಕ ಇಲ್ಲಂದ್ರ ಕಂಪನಿ ಶೋರೂಮಿನ್ಯಾಗ ಕೇಳು. ಆಮ್ಯಾಲ ಡಬ್ಬಿ ಹಿಂದ ಓದು. ನಮ್ಮ ದೇಶದ ಮಾನಕ ಐಎಸ್ 5759, ಜಪಾನದ್ದು ಜೆಐಎಸ್ ಕೆ 2234, ಅಮೆರಿಕದ್ದು ಎಎಸ್‌ಟಿಎಂ ಡಿ 3306. ಗಾಡಿ ಕೇಳಿದ ಜಾತಿ, ಮ್ಯಾಲ ಇಂಥಾ ಮಾನಕದ ನಂಬರು, ಎರಡೂ ಇದ್ದ ಡಬ್ಬಿ ಕೊಳ್ಳು. ಏನೂ ಬರೀದ ಬರೇ ಕೂಲಂಟ್ ಅಂತ ಬರದ ಅಗ್ಗದ ಡಬ್ಬಿ ಬ್ಯಾಡ. ಎರಡು ಜಾತಿ ಕೂಡಸೂದು ಅದಕ್ಕಿಂತ ಬ್ಯಾಡ. ಮದ್ದು ಮದ್ದು ಜಗಳಾಡಿ ಅಂಟಿನಗತೆ ಗಟ್ಟಿ ಆದದ್ದು ನೋಡೀನಿ.

ಯುವಕ: ನಮ್ಮಲ್ಲಿ ಹಿಮಾನೇ ಇಲ್ಲ. ಬರೇ ಬ್ಯಾಟರಿ ನೀರು ಹಾಕಿದ್ರ ಸಾಲೂದಿಲ್ಲೇನ್ರಿ? ನೀರು ಗ್ಲೈಕಾಲಿಗಿಂತ ಹೆಚ್ಚು ಕಾವು ಹೊರತೈತಿ, ಇದನ್ನಂತೂ ನಾನೂ ಓದೀನಿ.

ಮಿಸ್ತ್ರಿ: ಕಾವು ಹೊರೂದ್ರಾಗ ನೀರೇ ದೊಡ್ಡದು, ಖರೇ. ಆದ್ರ ಬರೇ ನೀರು ತುಕ್ಕು ಹಿಡಸ್ತೈತಿ, ಪಂಪಿನ ಸೀಲಿಗೆ ಜಾರಿಕಿ ಕೊಡೂದಿಲ್ಲ, ಲಗೂ ಕುದಿತೈತಿ. ಬರೇ ಗ್ಲೈಕಾಲ್ ಹಾಕಿದ್ರ ಕಾವು ಹೊರಾಕ ಸೋಲತೈತಿ. ಅದಕ ಸಮಪಾಲು. ನಮ್ಮ ಕಡೆಗೆ ಮೂರನೇ ಒಂದು ಪಾಲು ಸಾಕು ಅಂತನೂ ಕೆಲವು ಕಂಪನಿ ಬರೀತಾವ. ಡಬ್ಬ್ಯಾಗ ಹೇಳಿದಂಗ ಮಾಡು, ಅರ್ಧಕ್ಕಿಂತ ಹೆಚ್ಚು ಹಾಕಬ್ಯಾಡ. ಮತ್ತ ಈ ಕ್ಯಾಪ್ ನೋಡು. ಇದೂ ಎಂಜಿನ್ನಿನ ಭಾಗನ.

ಯುವಕ: 1.1 ಅಂತ ಬರದೈತಿ. ಒತ್ತಡ ಅಲ್ರಿ? ಕುಕ್ಕರಿನ ಲೆಕ್ಕಾನ. ಕುಕ್ಕರ್‌ನ್ಯಾಗ ಒಂದು ಬಾರ್ ಹೆಚ್ಚಿಗಿ ಒತ್ತಡ ಇದ್ರ ನೀರು 120ರ ಹತ್ರ ಕುದಿತೈತಿ. ಅರ್ಧ ಗ್ಲೈಕಾಲ್ ಕೂಡಿದ್ರ ಇನ್ನೂ ಏಳೆಂಟು ಡಿಗ್ರಿ ಮ್ಯಾಲ. ಅಂದ್ರ ಕ್ಯಾಪಿನ ರಬ್ಬರ್ ಹೋದ್ರ ಕೂಲಂಟ್ ಎಷ್ಟು ಚಲೋ ಇದ್ರೂ ಲಗೂ ಕುದಿತೈತಿ.

ಮಿಸ್ತ್ರಿ: ಮತ್ತ ಬಿಸಿ ಇದ್ದಾಗ ಕ್ಯಾಪ್ ತಗದ್ರ ಸೀಟಿ ತಗದ ಕುಕ್ಕರ್ ಮುಖಕ್ಕ ಹಿಡದಂಗ. ಆ ಹಬಿಯಿಂದ ಮುಖ ಸುಟ್ಟುಕೊಂಡವ್ರನ್ನ ಕಂಡೀನಿ. ತಾಸು ಆದ್ರೂ ಕಾಯಿ, ಕೈ ಇಟ್ರ ತಣ್ಣಗಾಗಬೇಕು.

(ಬ್ಯಾಟರಿ ನೀರು ಹಾಕಿ, ಎಂಜಿನ್ ಓಡಿಸಿ, ಆರಿಸಿ, ಇಳಿಸಿ, ಮತ್ತೆ ಹಾಕಿ, ಇಳಿಯುವ ನೀರು ತಿಳಿಯಾಗುವವರೆಗೆ ತೊಳೆಯುವುದರಲ್ಲಿ ಕತ್ತಲಾಗಿದೆ. ಗ್ಯಾರೇಜಿನ ದೀಪದ ಕೆಳಗೆ ಮಿಸ್ತ್ರಿ ಮಾಪಿನ ಡಬ್ಬಿ ಹಿಡಿದಿದ್ದಾರೆ.)

ಯುವಕ: ಬೆರಸೇ ಇಟ್ಟ ಕೂಲಂಟ್ ಸಿಗತೈತೆಲ್ರಿ, ನೀವ್ಯಾಕ ಗಟ್ಟಿ ಕೂಲಂಟ್ ತರಿಸಿದ್ರಿ?

ಮಿಸ್ತ್ರಿ: ಇದು ಭಾಳ ಮಂದಿ ತಪ್ಪೂ ಜಾಗ. ಬೆರಸಿದ್ದು ಸಲೀಸು, ಖರೇ. ಅದಕ ಮತ್ತ ನೀರು ಕೂಡಸಬಾರದು. ಆದ್ರ ತೊಳದ ಮ್ಯಾಲ ಎಂಜಿನ್ನಿನ ಮೂಲಿಮೂಲ್ಯಾಗ ಲೀಟರ್ ಮ್ಯಾಲ ನೀರು ಉಳದಿರತೈತಿ, ಎಷ್ಟು ಇಳಿಸಿದ್ರೂ ಇಳಿಯೂದಿಲ್ಲ. ಬೆರಸಿದ್ದು ಹಾಕಿದ್ರ ಅದರ ಜೋಡಿ ಕೂಡಿ ತೆಳ್ಳಗಾಗತೈತಿ. ನಿನ್ನ ಗಾಡಿಗೆ ಒಟ್ಟು ಸುಮಾರು 5 ಲೀಟರ್ ಹಿಡಿತೈತಿ. ಮೊದಲ ಎರಡೂವರಿ ಲೀಟರ್ ಗಟ್ಟಿ ಕೂಲಂಟ್, ಉಳಿದ ಜಾಗಾ ತುಂಬೂತನಕ ಬ್ಯಾಟರಿ ನೀರು. ಒಳಗ ಉಳಿದ ನೀರೂ ಲೆಕ್ಕಕ್ಕ ಬಂತು. ಈಗ ಹೀಟರ್ ಪೂರಾ ಬಿಸೀಗೆ ಹಚ್ಚು, ಕ್ಯಾಪ್ ತಗದೇ ಇರಲಿ, ಗಾಡಿ ಚಾಲೂ ಮಾಡು. ತಣ್ಣಗಿದ್ದಾಗ ಚಾಲೂ ಮಾಡಿದ್ದಕ್ಕ ಹಿಂಗ ತಗದಿಡಬಹುದು, ಹೆದರಬ್ಯಾಡ.

(ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆಯುತ್ತವೆ. ಮಿಸ್ತ್ರಿ ಮೇಲಿನ ಪೈಪನ್ನು ಹಿಂಡುತ್ತಾರೆ, ಇನ್ನಷ್ಟು ಗುಳ್ಳೆ. ಮಟ್ಟ ಇಳಿದಂತೆ ಸ್ವಲ್ಪ ಸ್ವಲ್ಪ ಸುರಿಯುತ್ತಾರೆ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕುತ್ತಾರೆ. ಮುಳ್ಳು ಅರ್ಧಕ್ಕೆ ಬಂದು ನಿಲ್ಲುತ್ತದೆ. ಕೆಳಗಿನ ಪೈಪು ಬೆಚ್ಚಗಾಗುತ್ತದೆ. ಫ್ಯಾನ್ ಒಮ್ಮೆ ತಿರುಗಿ ನಿಲ್ಲುತ್ತದೆ, ಇನ್ನೊಮ್ಮೆ ತಿರುಗಿ ನಿಲ್ಲುತ್ತದೆ.)

ಯುವಕ: ಕೆಳಗಿಂದೂ ಬಿಸಿ ಆತ್ರಿ! ತೂಬು ಎದ್ದಂಗ ಆತು.

ಮಿಸ್ತ್ರಿ: ಎದ್ದೈತಿ. ನಾಳೆ ನಸುಕಿನ್ಯಾಗ, ಚಾಲೂ ಮಾಡೂ ಮೊದಲ, ಕೂಲಂಟ್ ಬಾಟಲಿ ಗೆರಿ ನೋಡು. ಗಾಳಿ ಹೋದ ಜಾಗಾಕ ಸ್ವಲ್ಪ ಇಳದಿರತೈತಿ. ಇದೇ ಡಬ್ಬ್ಯಾಗಿಂದು ಇದೇ ಹದಕ್ಕ ಬೆರಸಿ ತುಂಬು. ಅದಾದ ಮ್ಯಾಲೂ ದಿನಾ ಇಳಿತಂದ್ರ ಎಲ್ಲೋ ಸೋರಾಕತ್ತೈತಿ, ನೀರು ಹಾಕಿ ಮುಚ್ಚಿಡಬ್ಯಾಡ, ಗಾಡಿ ಇಲ್ಲಿಗೆ ತಾ.

ಯುವಕ: ಆಗಲ್ರಿ. ಈ ಬುಟ್ಟ್ಯಾಗಿನ ಹಳೇ ನೀರು ಅಲ್ಲೇ ಗಟಾರಕ್ಕ ಚೆಲ್ಲಲೇನ್ರಿ?

ಮಿಸ್ತ್ರಿ: ಚೆಲ್ಲಬ್ಯಾಡ! ನಾಯಿ ಯಾಕ ಕಟ್ಟಿದೆ ಅಂತ ಕೇಳಿದ್ಯಲ್ಲ, ಇದಕ. ಗ್ಲೈಕಾಲ್ ಸಿಹಿ ಇರತೈತಿ. ನೆಲದ ಮ್ಯಾಲ ಬಿದ್ರ ನಾಯಿ, ಬೆಕ್ಕು ನೆಕ್ಕತಾವ, ಸಣ್ಣ ಹುಡುಗೂರೂ ಬಾಯಿಗೆ ಹಾಕತಾವ. ಮೊದಲ ಅಮಲು ಬಂದಂಗ ಜೋಲಿ ಹೊಡಿತಾವ, ಆಮ್ಯಾಲ ಸುಧಾರಿಸಿದಂಗ ಕಾಣತಾವ, ಅಷ್ಟರಾಗ ಮೂತ್ರಪಿಂಡ ಹೋಗಿರತಾವ.

ಯುವಕ: ಯಕೃತ್ತಿನ್ಯಾಗ ಅದು ಆಕ್ಸಲೇಟ್ ಆಗಿ, ಮೈಯಾಗಿನ ಕ್ಯಾಲ್ಸಿಯಂ ಕೂಡ ಸೇರಿ ಹರಳು ಕಟ್ಟತೈತಿ. ನಮ್ಮ ಬಚ್ಚಲ ಹಂಡೇದ ಸುಣ್ಣದಂಗ, ಆದ್ರ ಇಲ್ಲಿ ಮೂತ್ರಪಿಂಡದೊಳಗ.

ಮಿಸ್ತ್ರಿ: ಹೌದೇನು? ಒಮ್ಮೆ ಪಶು ಡಾಕ್ಟರ್ ಹೇಳಿದ್ದು ಈಗ ಪೂರಾ ತಿಳೀತು. ನಮ್ಮ ಮುಧೋಳ ನಾಯಿ ಹಗೂರ ಮೈಯಿಂದು, ಇಪ್ಪತ್ತೆರಡರಿಂದ ಇಪ್ಪತ್ತೆಂಟು ಕಿಲೋ. ಗಟ್ಟಿ ಕೂಲಂಟ್ ಒಂದು ಚಹಾದ ಕಪ್ಪಿನಷ್ಟು ಹೊಟ್ಟಿಗೆ ಹೋದ್ರ ಅದರ ಜೀವ ಹೋಗಾಕ ಸಾಕು. ಘೋರ್ಪಡೆ ಮಹಾರಾಜರು ಸಾಕಿ ಬೆಳೆಸಿದ ಜಾತಿ, 2005ರಾಗ ಅಂಚೆ ಚೀಟಿ ಮ್ಯಾಲ ಬಂದ ಜಾತಿ, ಸೈನ್ಯದವ್ರು ಒಯ್ದು ತರಬೇತಿ ಕೊಟ್ಟ ಜಾತಿ. ಅದನ್ನ ಉಳಸಾಕ ತಿಮ್ಮಾಪುರದಾಗ ಸಂಶೋಧನಾ ಕೇಂದ್ರನ ಐತಿ. ಅಂಥಾ ಊರಾಗ ನಾವು ಗ್ಯಾರೇಜಿನವ್ರು ಗಟಾರಕ್ಕ ವಿಷ ಬಿಟ್ರ ಹೆಂಗ?

ಯುವಕ: ಅಕಸ್ಮಾತ್ ನೆಕ್ಕಿದ್ರ?

ಮಿಸ್ತ್ರಿ: ಲಕ್ಷಣ ಕಾಣಲಿ ಅಂತ ಕಾಯಬ್ಯಾಡ. ಡಬ್ಬಿ ಕೈಯಾಗ ಹಿಡಕೊಂಡು ಆ ಗಳಿಗ್ಯಾಗ ಪಶು ಡಾಕ್ಟರ್ ಹತ್ರ ಓಡು. ಮೊದಲಿನ ಕೆಲವು ತಾಸಿನ್ಯಾಗ ಮದ್ದು ಬಿದ್ರಷ್ಟ ಉಳಿತೈತಿ. ಮನುಷ್ಯಾರು ಕುಡದ್ರೂ ಹಂಗ, ದೊಡ್ಡ ದವಾಖಾನಿಗೆ. ಉಳಿದ ಕೂಲಂಟ್ ನೀರಿನ ಬಾಟಲಿಗೆ, ಸರಬತ್ತಿನ ಬಾಟಲಿಗೆ ಎಂದೂ ತುಂಬಿ ಇಡಬ್ಯಾಡ. ಬಣ್ಣ ನೋಡಿ ಹುಡುಗೂರು ಕುಡಿತಾವ. ಅದರ ಡಬ್ಬ್ಯಾಗ, ಬಿರಡಿ ಬಿಗದು, ಎತ್ತರದಾಗ ಇಡು.

(ಇಬ್ಬರೂ ಕೂಡಿ ಬುಟ್ಟಿಯಲ್ಲಿದ್ದ ಹಳೆಯ ದ್ರವವನ್ನು ಕ್ಯಾನಿಗೆ ಸುರಿದು ಬಿರಡೆ ಹಾಕುತ್ತಾರೆ. ಕ್ಯಾನಿನ ಮೇಲೆ "ಹಳೆ ಕೂಲಂಟ್ – ವಿಷ" ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಹಳೆಯ ಎಣ್ಣೆಯ ಡಬ್ಬಿಗೆ ಅದು ಸೇರುವುದಿಲ್ಲ, ಬೇರೆಯೇ ನಿಲ್ಲುತ್ತದೆ. ನೆಲಕ್ಕೆ ಬಿದ್ದ ಹನಿಗಳ ಮೇಲೆ ಮಿಸ್ತ್ರಿ ಕಟ್ಟಿಗೆಯ ಹೊಟ್ಟು ಎರಚಿ, ಅದನ್ನು ಬಳಿದು ಚೀಲಕ್ಕೆ ತುಂಬಿ, ನೆಲವನ್ನು ಒಂದಲ್ಲ ಎರಡು ಸಲ ತೊಳೆದು ಒರೆಸುತ್ತಾರೆ.)

ಯುವಕ: ಕಾಕಾ, ಈ ಹಳೇ ಥರ್ಮೋಸ್ಟಾಟ್ ನಾ ಒಯ್ತೀನ್ರಿ. ಕಿತ್ತು ಒಗೀರಿ ಅಂದಂವಗ ತೋರಸ್ತೀನಿ.

ಮಿಸ್ತ್ರಿ: ತೋರಸು, ಆದ್ರ ಜಗಳಾಡಾಕ ಅಲ್ಲ. ದಾರ ಕಟ್ಟಿ ಕುದಿಸಿ ತೋರಸು, ಆ ಬಿಳಿ ಪೊರಿ ತೋರಸು. ನನಗ ಆ ವಯಸ್ಸಿನ್ಯಾಗ ಯಾರರ ಹಿಂಗ ತೋರಿಸಿದ್ರ ಎಷ್ಟೋ ಎಂಜಿನ್ ಉಳಿತಿದ್ದು.

(ಮಿಸ್ತ್ರಿ ಇಂದಿನ ತಾರೀಕು, ಓಡಿದ ಕಿಲೋಮೀಟರು, ಹಾಕಿದ ಕೂಲಂಟಿನ ಜಾತಿ ಮೂರನ್ನೂ ಚೀಟಿಯ ಮೇಲೆ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸುತ್ತಾರೆ. ದೀಪ ಹಿಡಿದು ನೆಲವನ್ನು ಮೂಲೆಮೂಲೆಗೆ ಇನ್ನೊಮ್ಮೆ ನೋಡುತ್ತಾರೆ. ಒಂದು ಹನಿಯೂ ಉಳಿದಿಲ್ಲ. ಆಮೇಲೆ ಬೇವಿನ ಗಿಡದ ಕಡೆ ನಡೆದು ಹಗ್ಗ ಬಿಚ್ಚುತ್ತಾರೆ. ನಾಯಿ ಬಂದು, ಒದ್ದೆ ನೆಲವನ್ನು ಮೂಸಿ, ತನ್ನ ಹಳೆಯ ಜಾಗದಲ್ಲಿ ಮಲಗುತ್ತದೆ.)